ಎರಡು ಬೆರಳಿನ ನೂಕು

ನವೆಂಬರ್ 3, ಭಾನುವಾರ

ಸುಖಚೈನ್ ಸಿಂಗ್ ಎಂಬ ಹೆಸರಿನ, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವ, ಈವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಈ ಕೆಳಗಿನ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಇಂದು ಬೆಳಿಗ್ಗೆ ನನ್ನ ತಾಯಿ, ಅಂದರೆ ನಮ್ಮ ಬೇಬೆ, ಗುರುದ್ವಾರದ ದಾಸೋಹವಾದ ಲಂಗರಿನಲ್ಲಿ ರೊಟ್ಟಿ ಲಟ್ಟಿಸುತ್ತ ಪುಣ್ಯ ಕಟ್ಟಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ನಾನು ಅವಳ ತಗಡಿನ ಪೇಟಿಯ ಬೆನ್ನು ಕೊಯ್ದೆ.

ಸಾಮಾನ್ಯ ಪೇಟಿಯಲ್ಲ. ಬೇಬೆ ಮದುವೆಯಾಗಿ ಬಂದಾಗ ತವರಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ನನ್ನ ಎದೆಯೆತ್ತರ, ಮಂಚದುದ್ದ. ಮನೆಯ ರಜಾಯಿಗಳೆಲ್ಲ ಬೇಸಿಗೆಯಿಡೀ ನಿದ್ದೆ ಮಾಡುವುದು ಅದರೊಳಗೇ. ಬೆನ್ನು ಗೋಡೆಗೆ ಆತುಕೊಂಡಿದೆ. ಗೋಡೆಗೆ ಕಿವಿ ಇರುತ್ತದೆ ಎಂದಷ್ಟೇ ಗಾದೆ. ಕಣ್ಣಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ಸಹ-ಆರೋಪಿ ಮಗ್ಘರ್ ಮಿಸ್ತ್ರಿ ಪೇಟಿಯನ್ನು ಒಂದು ಮೊಳ ಮುಂದಕ್ಕೆಳೆದ, ಕತ್ತರಿಸಿದ, ಮತ್ತೆ ಗೋಡೆಗೆ ಒರಗಿಸಿದ. ಮುಂದಿನಿಂದ ನೋಡಿದರೆ ಪೇಟಿ ಎಂದಿನಂತೆ ಗಂಭೀರವಾಗಿದೆ, ಬೆನ್ನಿಲ್ಲದ ಅಂಗಿ ತೊಟ್ಟ ದೊಡ್ಡಮನುಷ್ಯನ ಹಾಗೆ.

ಏನು ಮಾಡಲಿ? ಈಗಿನ ತಗಡು ಹಪ್ಪಳ. ಆಗಿನದು ಗುರಾಣಿ. ನನ್ನ ಜೊಂಗಾಕ್ಕೆ ನೆಲವೇ ಇಲ್ಲ. ಸೈನ್ಯದ ಹರಾಜಿನಿಂದ ಈ ಹಳೇ ಜೀಪನ್ನು ಎಳೆದು ತಂದಾಗಿನಿಂದ ನೋಡುತ್ತಿದ್ದೇನೆ: ಯುದ್ಧದ ಜಂಗಿಗೆ ಹೋಗಿ ಬಂದ ಗಾಡಿ, ಈಗ ಮೈತುಂಬ ತುಕ್ಕಿನ ಜಂಗು. ಕ್ಲಚ್ಚು ಒತ್ತಲು ಕಾಲು ಚಾಚಿದರೆ ಪಾದ ನೇರ ಭೂತಾಯಿಗೆ ತಾಗುತ್ತದೆ.

ಮುಂದೆ ವಿವಾದ ಬೇಡ, ಈಗಲೇ ಬರೆದಿಡುತ್ತೇನೆ. ಈ ಜೊಂಗಾ ನನ್ನದು, ನನ್ನೊಬ್ಬನದು. ಮರಳುದಿಬ್ಬ ಹತ್ತುವ ಗಾಡಿಯಾಗಿ ಇದನ್ನು ಕಟ್ಟುವವನು ನಾನು, ಓಡಿಸುವವನೂ ನಾನೇ.

ನವೆಂಬರ್ 10

ನಮ್ಮ ಡಬ್ವಾಲಿಯಲ್ಲಿ ರಸ್ತೆಯ ಈಚೆ ಪಂಜಾಬ್, ಆಚೆ ಹರಿಯಾಣ. ಮಗ್ಘರ್ ಮಿಸ್ತ್ರಿಯ ಷೆಡ್ಡು ಈಚೆ, ಅವನ ಭಾಮೈದನ ಅಂಗಡಿ ಆಚೆ. ಇಲ್ಲಿ ಕರೆಂಟು ಹೋದರೆ ಅಲ್ಲಿಂದ ತಂತಿ ಎಳೆದು ವೆಲ್ಡಿಂಗು ಮಾಡುತ್ತಾನೆ. ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ಬಿ.ಎ. ಹುಡುಗರನ್ನು ಇಲ್ಲಿಗೇ ಕರೆತರಬೇಕು.

ಮಿಸ್ತ್ರಿಯ ಬಳಿ ಪ್ರತಿ ಬಿಡಿಭಾಗಕ್ಕೂ ಒಂದು ಯುದ್ಧದ ಕಥೆ ಇದೆ.

"ಪ್ರೊಫೆಸರ್ ಸಾಹೇಬ್ರೆ, ಈ ಗೇರ್‌ಬಾಕ್ಸು ಶತ್ರು ಎದುರು ಒಂದು ಸಲಾನೂ ರಿವರ್ಸ್ ಬಿದ್ದಿಲ್ಲ."

"ಈಗ ಬೀಳುತ್ತಾ?"

"ಈಗ್ಲೂ ಬೀಳಲ್ಲ. ಅದೇ ರಿಪೇರಿ ಮಾಡ್ಬೇಕು."

ಸಂಜೆ ನನ್ನ ತಂಗಿ ರೀತೋ ದನದ ಆಸ್ಪತ್ರೆಯಿಂದ ನೇರ ಷೆಡ್ಡಿಗೆ ಬಂದಳು, ಮೋಟಾರ್ ಸೈಕಲ್ ಮೇಲೆ, ಡೆಟಾಲು ಮತ್ತು ಎಮ್ಮೆ ಎರಡೂ ಸೇರಿದ ಒಂದು ವಾಸನೆಯೊಡನೆ. ಹೆಸರು ನವ್‌ರೀತ್. ಹೆಸರಿನಲ್ಲಿರುವ ರೀತಿ ನಡತೆಯಲ್ಲಿಲ್ಲ. ಎಂಜಿನ್ ಕೆಮ್ಮುತ್ತಿತ್ತು. ನಾನೂ ಮಿಸ್ತ್ರಿಯೂ ಕಾರ್ಬುರೇಟರೋ ಪಂಪೋ ಎಂದು ಚರ್ಚಿಸುತ್ತಿದ್ದೆವು. ಅವಳು ಚೀಲದಿಂದ ಸ್ಟೆತಾಸ್ಕೋಪು ತೆಗೆದು ಎಂಜಿನ್ನಿನ ಎದೆಗಿಟ್ಟಳು.

"ಡಾಕ್ಟ್ರಮ್ಮಾ, ಗಬ್ಬ ನಿಂತಿದ್ಯಾ?" ಎಂದ ಮಿಸ್ತ್ರಿ.

"ಮೂರನೇದು ಉಸಿರಾಡ್ತಿಲ್ಲ," ಎಂದಳು.

ಮೂರನೇ ಪ್ಲಗ್ಗು ಬಿಚ್ಚಿದರೆ ಕರಿ ಕಟ್ಟಿತ್ತು. ಮಿಸ್ತ್ರಿ ತಕ್ಷಣ, "ನಾನೂ ಅದೇ ಹೇಳೋಣಾಂತಿದ್ದೆ," ಎಂದ. ನಾನು ಹಾಗೆ ಹೇಳಲಿಲ್ಲ. ಎರಡು ಕ್ಷಣ ತಡವಾಗಿಬಿಟ್ಟಿತ್ತು.

ನವೆಂಬರ್ 24, ಭಾನುವಾರ

ರೀತೋ ಮದುವೆ ಗೊತ್ತಾಯಿತು. ಫೆಬ್ರವರಿ ಎರಡನೇ ಭಾನುವಾರ. ಹುಡುಗ ಮನ್‌ವೀರ್, ಮರಳುದಿಬ್ಬಗಳ ಆಚೆಯ ಢಾಣಿಯವನು. ನಾಲ್ಕು ಮನೆ, ಒಂದು ಬಾವಿ, ಸುತ್ತ ಕಿನ್ನೂ ಕಿತ್ತಳೆಯ ತೋಟ. ಮಾಡಿಕೊಳ್ಳುವವಳಿಗೆ ಒಪ್ಪಿಗೆ, ಬೇಬೆಗೆ ಒಪ್ಪಿಗೆ. ಬಾಪು ಹೋದ ಮೇಲೆ ಈ ಮನೆಯಲ್ಲಿ ಒಪ್ಪಿಗೆ ಕೊಡಬೇಕಾದ ಗಂಡಸು ನಾನೇ ಅಂತೆ. ಕೊಟ್ಟೆ. ನನ್ನನ್ನು ಕೇಳಿದ್ದು ಎಲ್ಲ ಮುಗಿದು ಲಡ್ಡು ಹಂಚುವಾಗ.

ಲಡ್ಡು ತಿನ್ನಲು ಸೋದರತ್ತೆಯ ಗಂಡ ಬಲೌರ್ ಸಿಂಗ್ ಫುಫ್ಫಡ್‌ಜೀ ಬಂದಿದ್ದರು. ಯಾವ ಮದುವೆಯಲ್ಲೂ ಫುಫ್ಫಡ್ ಮುನಿಸಿಕೊಳ್ಳಲೇಬೇಕು. ಮುನಿಯದಿದ್ದರೆ ಮದುವೆ ಊರ್ಜಿತವಾಗದು. ನಮ್ಮವರು ಎರಡೂವರೆ ತಿಂಗಳು ಮೊದಲೇ ಶುರು ಮಾಡಿದರು.

"ಹೆಣ್ಣು ಕಳಿಸೋ ಡೋಲಿಗೆ ನನ್ನ ಬಿಳಿ ಕಾರಿದೆ. ಹೂವು ಹಾಕಿಸ್ತೀನಿ. ಎಸಿ ಹಾಕಿಸ್ತೀನಿ."

"ಫೆಬ್ರವರೀಲಿ ಎಸಿ ಯಾಕೆ ಫುಫ್ಫಡ್‌ಜೀ?" ಎಂದಳು ರೀತೋ. "ಕೊನೇ ಎರಡು ಮೈಲಿ ಬರೀ ಮರಳು. ನಿಮ್ಮ ಕಾರು ಹೂವಿನ ಸಮೇತ ಅಲ್ಲೇ ಸಮಾಧಿಯಾಗತ್ತೆ. ನಾನು ವೀರೆಯ ಜೊಂಗಾದಲ್ಲೇ ಹೋಗೋದು. ನಾನೇ ಓಡಿಸ್ಕೊಂಡು."

ಅಣ್ಣನನ್ನು ವೀರೆ ಎಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಶೌರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಕ್ಷಣ ಎದೆ ಸ್ವಲ್ಪ ಉಬ್ಬಿತು.

"ಮದುಮಗಳು ಡ್ರೈವರ್ರಾ?" ಫುಫ್ಫಡ್‌ಜೀ ಲಡ್ಡು ಕೆಳಗಿಟ್ಟರು. "ಹಾಗಾದ್ರೆ ಮದುಮಗ ಕ್ಲೀನರ್ರಾ? ಏನಯ್ಯಾ ಪ್ರೊಫೆಸರಾ, ಆ ಗುಜರಿ ಸ್ಟಾರ್ಟ್ ಆಗೋದುಂಟಾ? ಎಲ್ಲ ಅಣ್ಣಂದಿರೂ ಡೋಲಿ ಗಾಡೀನ ಶಾಸ್ತ್ರಕ್ಕೆ ನೂಕ್ತಾರೆ. ನೀನು ಶಾಶ್ವತವಾಗಿ ನೂಕ್ತೀಯ."

ನಾನು ಎದ್ದು ನಿಂತೆ. ಏಳಬಾರದಿತ್ತು, ಆದರೆ ಎದ್ದೆ.

"ಎರಡು ಬೆರಳು ಫುಫ್ಫಡ್‌ಜೀ. ಶಾಸ್ತ್ರ ಬಿಡಬಾರದು ಅಂತ ಎರಡೇ ಬೆರಳು ಮುಟ್ಟಿಸ್ತೀನಿ, ಗಾಡಿ ಹೋಗಿರತ್ತೆ. ಮೂರನೇ ಬೆರಳು ಬೇಕಾದ್ರೆ, ಶಾಮಿಯಾನದ ತುಂಬ ಜನ ಕೂತಿರೋವಾಗ ಮೈಕು ಹಿಡಿದು 'ಫುಫ್ಫಡ್‌ಜೀ ಹೇಳಿದ್ದೇ ಸರಿ' ಅಂತೀನಿ."

ನಮ್ಮ ವಂಶದಲ್ಲಿ ಈವರೆಗೆ ಯಾವ ಬಾಯಿಯಿಂದಲೂ ಹೊರಡದ ವಾಕ್ಯ ಅದು. ಬೇಬೆ ತಲೆಯ ಮೇಲಿನ ಚುನ್ನಿ ಸರಿಮಾಡಿಕೊಂಡು ಅಳತೊಡಗಿದಳು. ಪಂಥಕ್ಕೋ ಮದುವೆಗೋ ತಿಳಿಯಲಿಲ್ಲ.

ದಾಖಲೆಗಾಗಿ: ಜೊಂಗಾವನ್ನು ರೀತೋಗೆ ಒಂದು ದಿನದ ಮಟ್ಟಿಗೆ ಎರವಲು ಕೊಡುತ್ತಿದ್ದೇನೆ. ಮಾರನೆಯ ದಿನ ಹೋಗಿ ವಾಪಸು ತರುತ್ತೇನೆ. ಇನ್ನೂ ಒಂದು: ಡೋಲಿ ಹೊರಡುವಾಗ ಮೀಸೆಯಿಂದ ಹನಿ ತೊಟ್ಟಿಕ್ಕಿಸುತ್ತ ನಿಲ್ಲುವ ಅಣ್ಣಂದಿರನ್ನು ಬಹಳ ನೋಡಿದ್ದೇನೆ. ನಾನು ಆ ಪೈಕಿ ಅಲ್ಲ. ಅವಳು ಹೋದರೆ ಅವಳ ಕೋಣೆ ಖಾಲಿಯಾಗುತ್ತದೆ, ಬಿಡಿಭಾಗ ಇಡಲು ಜಾಗವಾಗುತ್ತದೆ. ಕಿಟಕಿ ದೊಡ್ಡದಿದೆ, ಗೇರ್‌ಬಾಕ್ಸನ್ನು ಹೊರಗಿನಿಂದಲೇ ಒಳಗೆ ತಳ್ಳಬಹುದು.

ಡಿಸೆಂಬರ್ 8

ಚಳಿ ಬಿತ್ತು. ಅಪರಾಧ ಎದ್ದಿತು.

"ಸುಖಿ, ಇಲ್ಲಿ ಬಾ," ಎಂದಳು ಬೇಬೆ. ಅರ್ಧ ಮೈ ಪೇಟಿಯೊಳಗೆ ಬಗ್ಗಿಸಿದ್ದಳು. "ಪೇಟಿ ಒಳಗೆ ಗೋಡೆ ಕಾಣ್ತಿದೆ."

"ಗೋಡೆ ಹಿಂದೆ ಇರೋದೇ ತಾನೆ ಬೇಬೆ."

"ಹಿಂದೆ ಇದ್ದದ್ದು ಒಳಗೆ ಹ್ಯಾಗೆ ಬಂತು?"

ಬರೀ ಗೋಡೆ ಬಂದಿರಲಿಲ್ಲ. ಅತಿಥಿಗಳಿಗೆಂದೇ ತೆಗೆದಿಟ್ಟ ಕೆಂಪು ರಜಾಯಿಯೊಳಗೆ ಇಲಿಯೊಂದಕ್ಕೆ ಹೆರಿಗೆಯಾಗಿತ್ತು. ರೀತೋ ಬಂದು ಪರೀಕ್ಷಿಸಿ, ತಾಯಿ ಮಕ್ಕಳು ಕ್ಷೇಮ ಎಂದು ಘೋಷಿಸಿ, ಇಡೀ ಕುಟುಂಬವನ್ನು ಮೊರದಲ್ಲಿ ಹುಲ್ಲಿನ ಬಣವೆಗೆ ಸಾಗಿಸಿದಳು. ನಾನು ತಗಡಿನ ಬಗ್ಗೆ ಎಲ್ಲವನ್ನೂ ಒಪ್ಪಿಕೊಂಡೆ. ಇಲಿಯ ಬಗ್ಗೆ ಮಾತ್ರ ನನಗೇನೂ ಗೊತ್ತಿಲ್ಲ ಎಂದೆ.

ಬೇಬೆ ಕೂಗಾಡಲಿಲ್ಲ. ಅದು ಇನ್ನೂ ಕಷ್ಟ. ಮಂಚದ ಮೇಲೆ ಕೂತು ಬಹಳ ಹೊತ್ತು ಸಾಸಿವೆ ಸೊಪ್ಪು ಬಿಡಿಸಿದಳು. ಆಮೇಲೆ ಕೇಳಿದಳು:

"ಆ ತಗಡು ಈಗ ನಿನ್ನ ಗಾಡೀಲಿ ಎಲ್ಲಿದೆ?"

"ನೆಲದಲ್ಲಿ. ಪೂರ್ತಿ ನೆಲ ಅದೇ."

"ಅದು ನನ್ನ ತವರಿನ ತಗಡು. ತವರಿಂದ ಬಂದದ್ದು ಮಗಳಿಗೆ ಹೋಗೋದು, ಮಗನಿಗಲ್ಲ. ಕಿತ್ತು ಕೊಡು. ಇಲ್ಲಾಂದ್ರೆ ಗಾಡಿ ಸಮೇತ ಕೊಡು."

"ಬೇಬೆ, ಗಾಡಿ ನನ್ನದು."

"ನಿನ್ನದೇ. ನನ್ನ ತಗಡಿನ ಮೇಲೆ ನಿಂತಿದೆ ಅಷ್ಟೇ."

ಕಿತ್ತು ಕೊಡಬಹುದೇ ಎಂದು ಮಿಸ್ತ್ರಿಯನ್ನು ಕೇಳಿದೆ. ಸುತ್ತಲೂ ವೆಲ್ಡ್ ಆಗಿದೆ, ಆಗಲ್ಲ ಎಂದ. ಒಮ್ಮೆ ಒಕ್ಕೂಟಕ್ಕೆ ಸೇರಿದ ಮೇಲೆ ಬಿಟ್ಟುಹೋಗುವ ಹಕ್ಕಿಲ್ಲ ಎಂದು ನಾನೇ ವರ್ಷಾವರ್ಷ ಪಾಠ ಮಾಡುತ್ತೇನೆ. ವಿಷಯ ನ್ಯಾಯಾಲಯದಲ್ಲಿದೆ ಎಂದು ಭಾವಿಸಿ ಈ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಡಿಸೆಂಬರ್ 17

ಆಸನ ಕೂರಿಸಿದೆವು. ಎರಡು ತೂತು ಮುಂದಕ್ಕೆ ಹಾಕಿಸಿದೆ. ಕಾರಣ ಸುರಕ್ಷತೆ. ಮದುವೆಯ ದಿನ ಓಡಿಸುವವಳು ರೀತೋ, ಅವಳ ಕಾಲು ಗಿಡ್ಡ. ಕನ್ನಡಿಯನ್ನೂ ಅವಳ ಎತ್ತರಕ್ಕೆ ಇಳಿಸಿದ್ದಾಯಿತು.

"ಹಿಂದಿನ ತೂತೂ ಈಗ್ಲೇ ಕೊರೆದುಬಿಡ್ಲಾ ಸಾಹೇಬ್ರೆ, ಆಮೇಲೆ ನಿಮಗೆ ಬೇಕಾಗತ್ತಲ್ಲ?" ಎಂದ ಮಿಸ್ತ್ರಿ.

ಬೇಡ ಎಂದೆ. ಡ್ರಿಲ್ಲು ಬಿಸಿಯಾಗಿತ್ತು.

ಡಿಸೆಂಬರ್ 29, ಭಾನುವಾರ

ಇಂದು ದಿಬ್ಬದ ಪರೀಕ್ಷೆ. ನಾನು ಚಾಲಕ, ರೀತೋ ಪಕ್ಕದಲ್ಲಿ, ಮಿಸ್ತ್ರಿ ಹಿಂದೆ ಕೊಳವೆಗಳ ಚೌಕಟ್ಟು ಹಿಡಿದು ನಿಂತು ವಾಹೆಗುರುವಿನ ನಾಮಸ್ಮರಣೆ ಮಾಡುತ್ತ.

ಮೊದಲು ದಿಬ್ಬದ ಬುಡದ ಚಹಾ ಅಂಗಡಿ. ಸೈನ್ಯದ ಗಾಡಿಗಳಿಗೆ ಬೀಗದಕೈ ಇರುವುದಿಲ್ಲ, ಬರೀ ಒಂದು ಸ್ವಿಚ್ಚು. ಯಾರು ಬೇಕಾದರೂ ಹಾಕಿಕೊಂಡು ಹೋಗಬಹುದು. ಚಹಾಕ್ಕೆ ಕೂರುವ ಮೊದಲು ರೀತೋ ಬಾನೆಟ್ ಎತ್ತಿ, ಮಿಸ್ತ್ರಿಗಳು ಡಿಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ರೋಟರನ್ನು ತೆಗೆದು ಜೇಬಿಗಿಟ್ಟುಕೊಂಡಳು. ಹೆಬ್ಬೆರಳಿನಷ್ಟು ಕಪ್ಪು ತುಂಡು, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವುದು ಅದರ ಕೆಲಸ. "ಇದಿಲ್ಲಾಂದ್ರೆ ನೂಕಿದ್ರೂ ಇಲ್ಲ, ಎಳೆದ್ರೂ ಇಲ್ಲ. ಬೀಗಕ್ಕಿಂತ ಗಟ್ಟಿ," ಎಂದಳು. ಇದನ್ನು ನಾನು ಮೊದಲೇ ಬಲ್ಲೆ ಎಂಬ ಮುಖ ಮಾಡಿದೆ.

ಚಹಾ ಆಯಿತು, ರೋಟರ್ ಸ್ವಸ್ಥಾನ ಸೇರಿತು. ದಿಬ್ಬದ ಎದುರು ಗಾಡಿ ನಿಲ್ಲಿಸಿ ಅದರ ಎತ್ತರವನ್ನು ತಿರಸ್ಕಾರದಿಂದ ನೋಡಿ ಪೆಡಲನ್ನು ಪೂರ್ತಿ ಒತ್ತಿದೆ. ಜೊಂಗಾ ಗರ್ಜಿಸಿತು. ಮರಳು ಆಕಾಶಕ್ಕೆ ಹಾರಿತು. ಬಹಳ ಹೊತ್ತು ಪ್ರಯಾಣ ಮಾಡಿದ ಅನುಭವವಾಯಿತು. ಧೂಳು ಇಳಿದ ಮೇಲೆ ನೋಡಿದರೆ ನಾವು ಮೇಲೆ ಹೋಗಿರಲಿಲ್ಲ, ಕೆಳಗೆ ಹೋಗಿದ್ದೆವು. ಚಕ್ರಗಳು ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಮೇವು ಹೇರಿದ ಒಂಟೆಗಾಡಿ ಬಂತು. ಗಾಡಿಯವನು ನಿಲ್ಲಿಸಿದ, ಬೀಡಿ ಹಚ್ಚಿದ, ನೋಡಿದ.

"ನಿಮ್ಮ ಒಂಟೆ ಕೂತುಬಿಡ್ತಾ?"

"ವಿಶ್ರಾಂತಿ," ಎಂದೆ.

"ಏನು ಕುಡಿಯತ್ತೆ?"

"ಪೆಟ್ರೋಲು."

"ಅದಕ್ಕೇ ಮತ್ತೆ," ಎಂದು ಹೋದ. ಒಂಟೆಯೂ ನನ್ನನ್ನು ಒಮ್ಮೆ ನೋಡಿ ತುಟಿ ತಿರುಚಿತು. ಅವು ಎಲ್ಲರನ್ನೂ ಹಾಗೆಯೇ ನೋಡುತ್ತವಂತೆ.

ರೀತೋ ಇಳಿದು ಬೆಂಕಿಕಡ್ಡಿಯಿಂದ ನಾಲ್ಕೂ ಚಕ್ರಗಳ ಗಾಳಿ ಅರ್ಧಕ್ಕೆ ಇಳಿಸಿದಳು. ನನ್ನನ್ನು ಪಕ್ಕಕ್ಕೆ ಸರಿಸಿ ಸ್ಟಿಯರಿಂಗ್ ಹಿಡಿದಳು.

"ಎಮ್ಮೆ ಕರು ಹಾಕುವಾಗ ಎಳೀಬಾರದು ವೀರೆ. ಅದು ಬಂದ ಹಾಗೇ ಬಿಡಬೇಕು."

ಸಣ್ಣ ಗೇರಿನಲ್ಲಿ, ಸದ್ದೇ ಇಲ್ಲದೆ, ಜೊಂಗಾ ಗುಂಡಿಯಿಂದ ಎದ್ದು ದಿಬ್ಬ ಹತ್ತಿತು. ನೆತ್ತಿಯಿಂದ ಆಚೆ ಕಿನ್ನೂ ತೋಟದ ಹಸಿರು ಕಂಡಿತು.

"ಅದೇ ಢಾಣಿ," ಎಂದಳು. "ದೂರ ಏನಿಲ್ಲ, ನೋಡು."

"ದೂರ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ," ಎಂದಳು.

ಇಳಿಯುವಾಗ ಮಿಸ್ತ್ರಿ, "ನಾನೂ ಗಾಳಿ ಇಳಿಸೋಣಾಂತಿದ್ದೆ," ಎಂದ.

ಜನವರಿ 13, ಲೋಹಡಿ ಹಬ್ಬ

ಬೆಂಕಿ, ಕಡಲೆಕಾಯಿ, ಎಳ್ಳಿನ ರೇವಡಿ. ಹುಡುಗ ಮನ್‌ವೀರ್ ತೋಟದ ಕಿನ್ನೂ ಬುಟ್ಟಿ ಹೊತ್ತು ಬಂದಿದ್ದ. ಜೊಂಗಾ ತೋರಿಸಿದೆ. ಎಮ್ಮೆಯ ಬೆನ್ನು ತಟ್ಟುವಂತೆ ಬಾನೆಟ್ ತಟ್ಟಿ, "ಒಳ್ಳೇದಿದೆ. ಒದೆಯಲ್ವಾ?" ಎಂದ. ಗೇರು ಯಾವುದು, ಹ್ಯಾಂಡ್‌ಬ್ರೇಕು ಯಾವುದು ಗೊತ್ತಿಲ್ಲ. ಆದರೆ ರೀತೋ ವಿವರಿಸುವಾಗ ಪೂರ್ತಿ ಕೇಳಿಸಿಕೊಂಡ, ಮಧ್ಯೆ ಒಮ್ಮೆಯೂ "ನಾನೂ ಅದೇ ಹೇಳೋಣಾಂತಿದ್ದೆ" ಎನ್ನಲಿಲ್ಲ.

ಸಂಜೆಯಿಡೀ ಅವನಲ್ಲೊಂದು ದೋಷ ಹುಡುಕಿದೆ. ಸಿಗಲಿಲ್ಲ. ಇಂಥವರನ್ನು ನಂಬಬಾರದು.

ಜನವರಿ 26

ದೆಹಲಿಯಲ್ಲಿ ಪರೇಡು, ನಮ್ಮ ಅಂಗಳದಲ್ಲೂ ಪರೇಡು. ಜೊಂಗಾ ಪೂರ್ಣವಾಯಿತು. ಅಗಲ ಚಕ್ರ, ಗೇಣು ಎತ್ತರಿಸಿದ ಸ್ಪ್ರಿಂಗು ಪಟ್ಟಿ, ಮುಂದೆ ಹಗ್ಗ ಸುತ್ತುವ ವಿಂಚು, ಕಾಲುವೆ ದಾಟುವಾಗ ಉಸಿರು ಕಟ್ಟದಂತೆ ಬಾನೆಟ್ಟಿನ ಪಕ್ಕದಿಂದ ಮೇಲೆದ್ದ ಗಾಳಿಯ ಕೊಳವೆ. ಹಸಿರು ಬಣ್ಣ ಹೊಡೆಸಿದೆ, ಕಿನ್ನೂ ಎಲೆಯ ಹಸಿರು. ಬೇರೆ ಹಸಿರು ಅಂಗಡಿಯಲ್ಲಿ ಮುಗಿದಿತ್ತು.

ಹಿಂದೆ ಒಂದು ಚೌಕಟ್ಟು ಮಾಡಿಸಿದ್ದೇನೆ. ದನದ ಲಸಿಕೆಯ ಐಸ್‌ಪೆಟ್ಟಿಗೆಗೆ ಸರಿಯಾಗಿ ಹೊಂದುತ್ತದೆ, ಇದು ಕಾಕತಾಳೀಯ. ಹತ್ತಲು ಒಂದು ಮೆಟ್ಟಿಲು, ಅದೂ ಗಿಡ್ಡ ಕಾಲಿನ ಅಳತೆಗೆ. ಇದೂ ಹಾಗೆಯೇ.

ಗತ್ತಿನಲ್ಲಿ ಹತ್ತಿ ಕೂತೆ. ಎರಡೂ ಮಂಡಿ ಸ್ಟಿಯರಿಂ‌ಗಿಗೆ ಸಿಕ್ಕಿಕೊಂಡವು. ಎಡಕ್ಕೆ ತಿರುಗಿಸಿದರೆ ಎಡ ಮಂಡಿ ಹಾರ್ನು ಹೊಡೆಯುತ್ತದೆ. ಕನ್ನಡಿಯಲ್ಲಿ ನನಗೆ ಕಂಡದ್ದು ನನ್ನದೇ ಗಡ್ಡ. ಹಾರ್ನು ಬಾರಿಸುತ್ತಲೇ ಅಂಗಳವನ್ನು ಒಂದು ಸುತ್ತು ಹಾಕಿದೆ. ಬೇಬೆ ಹೊರಬಂದು ನೋಡಿ, ಚುನ್ನಿಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಗುತ್ತಿದ್ದಳು ಎಂದು ನನ್ನ ಅನುಮಾನ.

ಪರವಾಗಿಲ್ಲ. ಸ್ಟಾರ್ಟ್ ಮಾತ್ರ ಮುಟ್ಟಿದರೆ ಸಾಕು. ಹತ್ತು ಸಲ ಹಾಕಿ ನೋಡಿದೆ, ಹತ್ತು ಸಲವೂ ಎದ್ದಿತು.

ಫೆಬ್ರವರಿ 7

ಮನೆ ತುಂಬ ಜನ. ನನ್ನ ಮಂಚದ ಮೇಲೆ ಮೂವರು ಅತ್ತೆಯರು ಮಲಗಿದ್ದಾರೆ. ಹಿತ್ತಲಲ್ಲಿ ಹಲವಾಯಿ ಬೆಳಗಿನಿಂದ ಜಿಲೇಬಿ ಸುತ್ತುತ್ತಿದ್ದಾನೆ. ಅವನ ಕೈಬರಹ ನನಗಿಂತ ಚೆನ್ನಾಗಿದೆ. ಫುಫ್ಫಡ್‌ಜೀ ಬಂದು ಶಾಮಿಯಾನದ ಮೈಕನ್ನು "ಹಲೋ, ಹಲೋ" ಎಂದು ಪರೀಕ್ಷಿಸಿ, ನನ್ನ ಕಡೆ ನೋಡಿ ತಲೆ ಆಡಿಸಿದರು. ನಾನು ಎರಡು ಬೆರಳು ಎತ್ತಿ ತೋರಿಸಿದೆ. ದೂರದಿಂದ ನೋಡಿದವರು ನಾನು ಚುನಾವಣೆಗೆ ನಿಂತಿದ್ದೇನೆ ಎಂದುಕೊಂಡಿರಬೇಕು.

ಬೇಬೆ ನಾನು ತೊಡಬೇಕಾದ ಹೊಸ ವೇಸ್ಟ್‌ಕೋಟಿನ ಜೇಬಿಗೆ ಒಂದು ಬಿಳಿ ಕರವಸ್ತ್ರ ತುರುಕಿದಳು.

"ಇದ್ಯಾಕೆ?"

"ಇರಲಿ. ಗಾಡಿ ಒರೆಸೋಕೆ."

ರೀತೋ ಕೋಣೆ ಖಾಲಿಯಾಗಿದೆ, ಪೆಟ್ಟಿಗೆಗಳೆಲ್ಲ ಹೊರಗೆ. ಗೇರ್‌ಬಾಕ್ಸು ಎಲ್ಲಿಡುವುದು ಎಂದು ಅಳತೆ ತೆಗೆಯಲು ಹೋಗಿದ್ದೆ. ಟೇಪು ಮರೆತಿದ್ದೆ. ಸ್ವಲ್ಪ ಹೊತ್ತು ಕೂತು ಬಂದೆ.

ಫೆಬ್ರವರಿ 9, ಭಾನುವಾರ

ಬರೆಯುವ ಮನಸ್ಸಿಲ್ಲ. ಆದರೂ ಇತಿಹಾಸ ತಪ್ಪಬಾರದು.

ಬೆಳಿಗ್ಗೆ ದಿಬ್ಬಣ ಬಂತು, ಗುರುದ್ವಾರದಲ್ಲಿ ನಾಲ್ಕು ಸುತ್ತು ಆಯಿತು. ಒಂದೊಂದು ಸುತ್ತಿಗೂ ಹೆಣ್ಣಿನ ಅಣ್ಣತಮ್ಮಂದಿರು ಸುತ್ತ ನಿಂತು ಅವಳನ್ನು ಕೈಯಿಂದ ಕೈಗೆ ದಾಟಿಸಬೇಕು. ಮೂವರು ಕಸಿನ್‌ಗಳು, ಕೊನೆಯಲ್ಲಿ ನಾನು. ನಾಲ್ಕನೇ ಸುತ್ತಿನಲ್ಲಿ ಅವಳು ಮೆಲ್ಲಗೆ, "ಟೈರಿನ ಗಾಳಿ ನೋಡಿದ್ಯಾ?" ಎಂದಳು. "ನೋಡ್ದೆ," ಎಂದೆ. ಪವಿತ್ರ ಗ್ರಂಥದ ಎದುರು ನಾವು ಆಡಿದ ಮಾತು ಅದೊಂದೇ.

ಊಟದ ಹೊತ್ತಿಗೆ ಕೊನೆಯ ಸಲ ಹೋಗಿ ಜೊಂಗಾದ ಎಣ್ಣೆ ನೋಡಿ ಬಂದೆ. ಎಲ್ಲ ಸರಿಯಿತ್ತು.

ಇಳಿಹೊತ್ತಿಗೆ ಡೋಲಿ. ರೀತೋ ಕೈತುಂಬ ಕೆಂಪು ಬಳೆ ತೊಟ್ಟು ಗಿಡ್ಡ ಮೆಟ್ಟಿಲು ಹತ್ತಿ ಸ್ಟಿಯರಿಂಗ್ ಹಿಂದೆ ಕೂತಳು. ಪಕ್ಕದಲ್ಲಿ ಮನ್‌ವೀರ್, ಅವನ ಮದುವೆಯ ಖಡ್ಗ ಕೊಳವೆಗಳ ನಡುವೆ ಸಿಕ್ಕಿಕೊಂಡು, ಅದನ್ನು ಬಿಡಿಸಲು ಇಬ್ಬರು ಬೇಕಾದರು. ಹೊರಡುವ ಹೆಣ್ಣು ತಲೆಯ ಮೇಲಿಂದ ಹಿಂದಕ್ಕೆ ಅಕ್ಕಿ ಎರಚಬೇಕು. ಎರಚಿದಳು. ಅರ್ಧ ಬೇಬೆಯ ಮಡಿಲಿಗೆ, ಅರ್ಧ ಫುಫ್ಫಡ್‌ಜೀಯ ಚಹಾಕ್ಕೆ.

ನಾನು ಹಿಂದೆ ನಿಂತು, ಎಲ್ಲರಿಗೂ ಕಾಣುವಂತೆ, ಎರಡು ಬೆರಳು ಮುಟ್ಟಿಸಿದೆ.

ಸ್ವಿಚ್ಚು ಹಾಕಿದಳು. ಎಂಜಿನ್ ತಿರುಗಿತು, ತಿರುಗಿತು, ಸುಮ್ಮನಾಯಿತು. ಮತ್ತೆ ಹಾಕಿದಳು. ಅಷ್ಟೇ.

"ಮೂರನೇ ಬೆರಳು," ಎಂದರು ಫುಫ್ಫಡ್‌ಜೀ. ಇಷ್ಟು ಮೃದುವಾದ ದನಿಯಲ್ಲಿ ಅವರು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ಕಾರು ತರಿಸ್ಲಾ? ಹೂವು ಹಾಕಿಸಿಯೇ ಇಟ್ಟಿದೀನಿ."

"ಬೇಡ ಫುಫ್ಫಡ್‌ಜೀ," ಎಂದಳು ರೀತೋ ಮುಂದಿನಿಂದ. "ನೂಕಿದ್ರೆ ಆಗತ್ತೆ."

ಹತ್ತೂ ಬೆರಳು ಹಚ್ಚಿದೆ. ಭುಜ ಹಚ್ಚಿದೆ. ಕಸಿನ್‌ಗಳು ಸೇರಿದರು. ಬ್ಯಾಂಡಿನವರು ನಿಲ್ಲಿಸಬೇಕೋ ಬಾರಿಸಬೇಕೋ ತಿಳಿಯದೆ ಬಾರಿಸುತ್ತಲೇ ಬಂದರು, ಕೊಟ್ಟ ಹಣ ಮುಗಿಯುವ ತಿರುವಿನಲ್ಲಿ ನಿಂತರು. ಕಾಲುವೆ ದಾರಿಗೆ ತಿರುಗುವಷ್ಟರಲ್ಲಿ ಕಸಿನ್‌ಗಳ ಹೊಸ ಬೂಟು ಕಚ್ಚತೊಡಗಿ ಒಬ್ಬೊಬ್ಬರಾಗಿ ಬಿಟ್ಟರು. ದಾರಿ ಕೊಂಚ ಇಳಿಜಾರು. ಗಾಡಿ ತಾನಾಗಿಯೇ ಉರುಳುತ್ತಿತ್ತು, ಹಿಂದೆ ನಾನೊಬ್ಬನೇ. ಎರಡೂ ಕಡೆ ಸಾಸಿವೆ ಹೂವು, ಕಣ್ಣಿಗೆ ಚುಚ್ಚುವಷ್ಟು ಹಳದಿ. ಮನ್‌ವೀರ್ ಇಳಿದು ತಳ್ಳಲು ನೋಡಿದ. ರೀತೋ ಅವನ ತೋಳು ಹಿಡಿದು, "ನೀವು ಕೂತ್ಕೊಳ್ಳಿ. ಇದು ಅಣ್ಣಂದಿರ ಕೆಲಸ," ಎಂದಳು.

ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡದೆಯೇ ಕೇಳಿದಳು:

"ಸುಸ್ತಾಯ್ತಾ ವೀರೆ?"

"ಇಲ್ಲ."

"ಹಾಗಾದ್ರೆ ಇನ್ನೊಂದು ಸ್ವಲ್ಪ ನೂಕು. ಸೇತುವೆ ತನಕ."

ನೂಕಿದೆ. ಸೇತುವೆ ಹತ್ತಿರ ಬ್ರೇಕು ಹಾಕಿದಳು. "ಈಗ ಬಾನೆಟ್ ಎತ್ತಿ ನೋಡು. ಕತ್ತಲಾದ್ರೆ ಮರಳಲ್ಲಿ ದಾರಿ ಕಾಣಲ್ಲ."

ಎತ್ತಿದೆ, ಡಿಲ್ಕೋದ ಮುಚ್ಚಳ ತೆಗೆದೆ, ಒರೆಸಿದೆ, ಹಾಕಿದೆ. ಮೊದಲ ಸಲಕ್ಕೇ ಹೊರಟಿತು. ತೇವವಿತ್ತು. ಫೆಬ್ರವರಿಯ ಮಂಜು, ಡಿಲ್ಕೋದಲ್ಲಿ ತೇವ ಕೂರುತ್ತದೆ, ಯಾವ ಮಿಸ್ತ್ರಿಯನ್ನು ಬೇಕಾದರೂ ಕೇಳಿ.

ಕಿನ್ನೂ ಹಸಿರು ಸಾಸಿವೆಯ ಹಳದಿಯಲ್ಲಿ ಬಹಳ ಹೊತ್ತು ಕಾಣುತ್ತಿತ್ತು.

ನಡೆದು ವಾಪಸು ಬಂದೆ. ಫುಫ್ಫಡ್‌ಜೀ ಮೈಕು ಹಿಡಿದುಕೊಂಡೇ ಕಾಯುತ್ತಿದ್ದರು. ಶಾಮಿಯಾನದ ಎದುರು, ಜಿಲೇಬಿ ಬಾಯಲ್ಲಿಟ್ಟುಕೊಂಡ ಅಷ್ಟೂ ಬಂಧುಗಳ ಎದುರು ಹೇಳಿದೆ: "ಫುಫ್ಫಡ್‌ಜೀ ಹೇಳಿದ್ದೇ ಸರಿ." ಧ್ವನಿವರ್ಧಕ ಅದನ್ನು ಹರಿಯಾಣಕ್ಕೂ ತಲುಪಿಸಿತು. ಚಪ್ಪಾಳೆ ಬಿತ್ತು. ಫುಫ್ಫಡ್‌ಜೀ ನನ್ನನ್ನು ಅಪ್ಪಿಕೊಂಡು ಅತ್ತರು. ಈ ಮದುವೆಯಲ್ಲಿ ಅವರು ಮುನಿಸಿಕೊಳ್ಳಲು ಮರೆತೇಬಿಟ್ಟರು.

ಸೋತೆ. ಆದರೆ ಎರಡನೇ ಮಾತು ಉಳಿಸಿಕೊಂಡಿದ್ದೇನೆ: ಡೋಲಿಯ ಹೊತ್ತಿಗೆ ನನ್ನ ಕಣ್ಣಲ್ಲಿ ಒಂದು ಹನಿ ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ.

ಫೆಬ್ರವರಿ 12

ರೀತೋ ಮದುವೆಯ ನಂತರದ ಮೊದಲ ಭೇಟಿಗೆ ಬಂದಿದ್ದಳು, ಮನ್‌ವೀರ್ ಜೊತೆ, ಜೊಂಗಾ ಓಡಿಸಿಕೊಂಡು. ಹಿಂದಿನ ಚೌಕಟ್ಟಿನಲ್ಲಿ ಐಸ್‌ಪೆಟ್ಟಿಗೆ ಆಗಲೇ ಕೂತಿತ್ತು. ದಾರಿಯಲ್ಲಿ ಎರಡು ಹಸು ನೋಡಿಕೊಂಡು ಬಂದಳಂತೆ. ಗಾಡಿ ವಾಪಸು ಕೇಳುವ ಮಾತು ನನ್ನ ನಾಲಗೆಯ ತುದಿಯವರೆಗೆ ಬರಲೇ ಇಲ್ಲ. ನೆನಪಾದದ್ದು ಈಗ, ಬರೆಯುವಾಗ.

ನಮ್ಮ ಸ್ವಂತ ಅಂಗಳದಲ್ಲಿ ನಿಲ್ಲಿಸಿ, ಒಳಗೆ ಬರುವ ಮೊದಲು ಬಾನೆಟ್ ಎತ್ತಿ ರೋಟರ್ ತೆಗೆದು ಪರ್ಸಿಗೆ ಹಾಕಿಕೊಂಡಳು.

"ಇಲ್ಲಿ ಯಾರು ಕದೀತಾರೆ?" ಎಂದೆ.

"ಈ ಮನೇಲಿ ಕಳ್ಳರಿದಾರೆ ವೀರೆ," ಎಂದು ಒಳಗೆ ಹೋದಳು.

ಅವರು ಹೊರಟ ಮೇಲೆ ಬೇಬೆ ಬಟ್ಟೆ ಒಗೆಯಲು ಕೂತಳು. ನನ್ನ ವೇಸ್ಟ್‌ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಡಿಲ್ಕೋ ಒರೆಸಿದೆ ಅಂದೆ. ಒಂದು ಕರೀ ಕಲೆಯಿಲ್ಲ."

"ಡಿಲ್ಕೋ ಸ್ವಚ್ಛ ಇತ್ತು ಬೇಬೆ."

"ಹಾಗಾದ್ರೆ ಇದು ಹಿಂಡಿ ಒಣಗಿಸಿದ ಹಾಗೆ ಯಾಕೆ ಮುದುಡಿದೆ?"

ಉತ್ತರಕ್ಕೆ ಕಾಯದೆ ನೀರಿಗೆ ಹಾಕಿದಳು.

ಆದ್ದರಿಂದ ಸುಖಚೈನ್ ಸಿಂಗ್ ಎಂಬ ಹೆಸರಿನ ನಾನು, ಈ ಸಲ ಚಿತ್ತ ಅಷ್ಟೇನೂ ಸ್ವಸ್ಥವಲ್ಲದಿದ್ದರೂ, ಒಪ್ಪಿಕೊಳ್ಳುತ್ತೇನೆ. ಊಟದ ಹೊತ್ತಿಗೆ ನಾನು ಎಣ್ಣೆ ನೋಡಲು ಹೋಗಿರಲಿಲ್ಲ. ಡೋಲಿಯ ಉದ್ದಕ್ಕೂ ರೋಟರ್ ನನ್ನ ಜೇಬಿನಲ್ಲೇ ಇತ್ತು. ಡಿಲ್ಕೋ ಒಣಗಿ ಖಣಖಣ ಎನ್ನುತ್ತಿತ್ತು, ರೋಟರ್ ಒಳಗಿದ್ದಿದ್ದರೆ ಎರಡು ಬೆರಳು ಮುಟ್ಟಿಸುವಷ್ಟರಲ್ಲಿ ಅವಳು ಹೋಗಿಬಿಟ್ಟಿರುತ್ತಿದ್ದಳು. ಬೇಬೆ ಕೊಟ್ಟ ಕರವಸ್ತ್ರ ಡಿಲ್ಕೋವನ್ನು ಮುಟ್ಟಿಯೇ ಇಲ್ಲ. ಸೇತುವೆ ತನಕ ಅದಕ್ಕೆ ಬೇರೆ ಕೆಲಸವಿತ್ತು.